ವೇಬ್ರಿಡ್ಜ್ ಗೇಟಿನಲ್ಲಿ, ವಿಂಡೋಸ್ ಆಫೀಸಿನ ಸರ್ವರಿನೊಳಗೆ: ನಡುವೆ ಕಾಮ್ ಪೋರ್ಟ್ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ಸರ್, ನಮ್ಮದು ಗಂಗಾವತಿ ಹತ್ತಿರ ರೈಸ್ ಮಿಲ್. ಗೇಟಿನ ಪಕ್ಕ ವೇಬ್ರಿಡ್ಜ್ ಇದೆ. ತೂಕ ತೋರಿಸುವ ಅದರ ಇಂಡಿಕೇಟರಿನಿಂದ ಯುಎಸ್‌ಬಿ-ಸೀರಿಯಲ್ ಕೇಬಲ್ ಹಾಕಿ ಅಲ್ಲೇ ಇದ್ದ ಹಳೇ ಪಿಸಿಗೆ ಕೊಟ್ಟಿದ್ದೆವು. ವರ್ಷಗಟ್ಟಲೆ ಓಡಿತು. ಈಗ ಆಫೀಸಿಗೆ ಸರ್ವರ್ ತಂದು, ಒಂದೇ ಯಂತ್ರದೊಳಗೆ ಹಲವು ಕಂಪ್ಯೂಟರ್ ಓಡಿಸುವ ಪ್ರಾಕ್ಸ್‌ಮಾಕ್ಸ್ ಹಾಕಿದ್ದೇವೆ. ತೂಕದ ಸಾಫ್ಟ್‌ವೇರ್ ಅದರೊಳಗಿನ ವಿಂಡೋಸ್ 10 ವರ್ಚುವಲ್ ಮಷಿನ್ನಿಗೆ (ವಿಎಂ) ಹೋಗಿದೆ. ಗೇಟಿಗೂ ಆಫೀಸಿಗೂ ಸುಮಾರು 180 ಮೀಟರ್, ನಡುವೆ ವೈಫೈ ಬ್ರಿಡ್ಜ್. ಗೇಟಿನಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟು, ನೆಟ್‌ವರ್ಕಿನಲ್ಲಿ ಯುಎಸ್‌ಬಿ ಸಾಗಿಸುವ ಯುಎಸ್‌ಬಿ-ಐಪಿ ಮೂಲಕ ಆ ಕೇಬಲ್ಲನ್ನೇ ವಿಎಂಗೆ ಕೊಟ್ಟೆವು. ಎರಡು ಮೂರು ಗಂಟೆ ಚೆನ್ನಾಗಿರುತ್ತದೆ, ಆಮೇಲೆ ವಿಂಡೋಸಿನಲ್ಲಿ ಆ ಕೇಬಲ್ಲಿನ ಹೆಸರಾದ ಕಾಮ್3 ಪೋರ್ಟ್ ಮಾಯ. ವಿಎಂ ರೀಸ್ಟಾರ್ಟ್ ಮಾಡಿದರೇ ವಾಪಸ್ ಬರೋದು. ಅಷ್ಟರಲ್ಲಿ ಭತ್ತದ ಲಾರಿಗಳು ರಸ್ತೆ ತನಕ ನಿಂತಿರುತ್ತವೆ. ಸಾಫ್ಟ್‌ವೇರಿಗೆ ಲೈಸೆನ್ಸಿನ ಒಂದು ಯುಎಸ್‌ಬಿ ಡಾಂಗಲ್ ಬೇರೆ ಬೇಕು, ಅದನ್ನೂ ಪೈಗೇ ಚುಚ್ಚಿದ್ದೇವೆ. ಏನು ಮಾಡೋಣ?

ಉತ್ತರ: ಇಂಡಿಕೇಟರಿನ ಮಟ್ಟಿಗೆ ಯುಎಸ್‌ಬಿ-ಐಪಿ ಬಿಟ್ಟುಬಿಡಿ. ನಿಮಗೆ ಆಫೀಸಿಗೆ ಮುಟ್ಟಬೇಕಾದ್ದು ತೂಕದ ಅಂಕಿ, ಅಷ್ಟೇ. ನೀವು ಸಾಗಿಸುತ್ತಿರುವುದು ಇಡೀ ಯುಎಸ್‌ಬಿ ಕೇಬಲ್ಲನ್ನು. ಒಂದು ಲೋಟ ಹಾಲಿಗೆ ಎಮ್ಮೆಯನ್ನೇ ಹೊಡೆದುಕೊಂಡು ಬಂದ ಹಾಗೆ. ಯುಎಸ್‌ಬಿ ವ್ಯವಹಾರವೆಲ್ಲ ಗೇಟಿನಲ್ಲೇ, ಪೈ ಒಳಗೇ ಮುಗಿಯಲಿ. ಅಲ್ಲಿಂದ ಮುಂದೆ ಬರೀ ಅಕ್ಷರಗಳು ನೆಟ್‌ವರ್ಕಿನಲ್ಲಿ ಹೋಗಲಿ. ಕೊಂಡ ಪೈ ದಂಡ ಆಗುವುದಿಲ್ಲ, ಅದರೊಳಗಿನ ಸಾಫ್ಟ್‌ವೇರ್ ಬದಲಾದರೆ ಸಾಕು. ಡಾಂಗಲ್ ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾಮ್3 ಯಾಕೆ ಮಾಯ ಆಗುತ್ತದೆ ಅಂತ ನೋಡೋಣ. ಇದು ಅರ್ಥ ಆಗದಿದ್ದರೆ ಹೊಸ ವ್ಯವಸ್ಥೆಯಲ್ಲೂ ಅದೇ ತಲೆನೋವು ಬೇರೆ ವೇಷದಲ್ಲಿ ಬರುತ್ತದೆ.

ಯುಎಸ್‌ಬಿ ಹುಟ್ಟಿದ್ದು ಮೇಜಿನ ಮೇಲಿನ ಸಾಮಾನುಗಳಿಗೆ. ಯುಎಸ್‌ಬಿ 2 ಕೇಬಲ್ಲಿನ ಉದ್ದ 5 ಮೀಟರ್ ದಾಟಬಾರದು. ಅದರಲ್ಲಿ ಸಾಧನ ತಾನಾಗಿ ಬಾಯಿ ಬಿಡುವಂತಿಲ್ಲ. ಕಂಪ್ಯೂಟರ್ ಕೇಳಬೇಕು, ಅದು ಉತ್ತರ ಕೊಡಬೇಕು. ಈ ಕೇಳುವ-ಹೇಳುವ ಮಾತುಕತೆಯನ್ನು ಟಿಸಿಪಿ ಅನ್ನುವ ನೆಟ್‌ವರ್ಕ್ ವಿಧಾನದ ಪ್ಯಾಕೆಟ್ಟುಗಳಲ್ಲಿ ಕಟ್ಟಿ ಪೋರ್ಟ್ 3240ರ ಮೂಲಕ ಇನ್ನೊಂದು ಕಂಪ್ಯೂಟರಿಗೆ ತಲುಪಿಸುವುದೇ ಯುಎಸ್‌ಬಿ-ಐಪಿ ಕೆಲಸ. ಕೆಟ್ಟ ಸಾಫ್ಟ್‌ವೇರ್ ಅಂತ ನಾನು ಹೇಳುತ್ತಿಲ್ಲ. 2014ರಲ್ಲಿ, ಲಿನಕ್ಸ್ 3.17ರ ಹೊತ್ತಿಗೆ, ಅದು ಲಿನಕ್ಸಿನ ತಿರುಳಾದ ಕರ್ನಲ್ಲಿನ ಪ್ರಯೋಗದ ಮೂಲೆಯಿಂದ ಮುಖ್ಯ ಭಾಗಕ್ಕೇ ಬಂದಿದೆ. ಆದರೆ ಅದಕ್ಕೆ ನಿಮ್ಮ ಇಂಡಿಕೇಟರ್ ತೂಕ ಹೇಳುತ್ತಿದೆ ಅನ್ನುವುದು ಗೊತ್ತಿಲ್ಲ. ಯುಎಸ್‌ಬಿಯ ಗಡಿಬಿಡಿ ಅಷ್ಟನ್ನೂ ಹೊತ್ತು ತರುತ್ತದೆ. ನಿಮ್ಮ ಕೇಬಲ್ಲಿನಲ್ಲಿ ಎಫ್‌ಟಿಡಿಐ ಕಂಪನಿಯ ಚಿಪ್ ಇದ್ದರೆ ಒಂದು ತಮಾಷೆ ನೋಡಿ. ಕಳಿಸಲು ಏನೂ ಇಲ್ಲದಿದ್ದರೂ ಆ ಚಿಪ್ ಪ್ರತಿ 16 ಮಿಲಿಸೆಕೆಂಡಿಗೊಮ್ಮೆ ಎರಡು ಬೈಟ್ ‘ನಾನು ಹೀಗಿದ್ದೇನೆ’ ಅಂತ ಹೇಳುತ್ತಲೇ ಇರುತ್ತದೆ. ಅಂದರೆ ಸೆಕೆಂಡಿಗೆ ಅರವತ್ತಕ್ಕೂ ಜಾಸ್ತಿ ಸಲ. ಮಾತಿಲ್ಲ ಕಥೆಯಿಲ್ಲ, ಆದರೂ ನಿಮ್ಮ ವೈಫೈ ಬ್ರಿಡ್ಜ್ ಮೇಲೆ ಈ ಹೋಗಿ ಬರುವುದು ನಿಲ್ಲುವುದಿಲ್ಲ.

ಈಗ ನಡುವೆ ನೆಟ್‌ವರ್ಕ್ ಸ್ವಲ್ಪ ಹೊತ್ತು ಹೋಯಿತು ಅನ್ನಿ. ಕನೆಕ್ಷನ್ ಕಡಿದರೆ ವಿಎಂ ಕಡೆಯ ಕ್ಲೈಂಟಿಗೆ ಅದು ಯಾರೋ ಕೇಬಲ್ ಕಿತ್ತ ಹಾಗೆ. ವಿಂಡೋಸ್ ಕಾಮ್3 ತೆಗೆದುಹಾಕುತ್ತದೆ. ನಿಮ್ಮ ತೂಕದ ಸಾಫ್ಟ್‌ವೇರ್ ಬೆಳಿಗ್ಗೆ ಶುರುವಾದಾಗ ಒಮ್ಮೆ ಪೋರ್ಟ್ ತೆರೆದದ್ದು, ಇನ್ನೂ ಅದನ್ನೇ ಹಿಡಿದುಕೊಂಡು ಕೂತಿರುತ್ತದೆ. ನೆಟ್‌ವರ್ಕ್ ವಾಪಸ್ ಬಂದರೂ ಯುಎಸ್‌ಬಿ-ಐಪಿ ತಾನಾಗಿ ಮತ್ತೆ ಜೋಡಿಸಿಕೊಳ್ಳುವುದಿಲ್ಲ, ಅಟ್ಯಾಚ್ ಆದೇಶ ಮತ್ತೆ ಕೊಡಬೇಕು. ಪೈ ರೀಬೂಟ್ ಆಗಿದ್ದರೆ ಅಲ್ಲಿ ಸಾಧನವನ್ನು ಹಂಚಿಕೆಗೆ ಇಡುವ ಬೈಂಡ್ ಆದೇಶ ಕೂಡ ಮತ್ತೆ ಕೊಡಬೇಕು. ಜೋಡಿಸಿದ ಮೇಲೂ ಸಾಫ್ಟ್‌ವೇರ್ ಮುಚ್ಚಿ ತೆರೆಯಬೇಕು. ಮೂರು ಕಡೆ ಮೂರು ಕೆಲಸ. ವಿಎಂ ರೀಸ್ಟಾರ್ಟ್ ಮಾಡಿದರೆ ಇವುಗಳಲ್ಲಿ ಎರಡು ಒಟ್ಟಿಗೆ ಆಗಿಬಿಡುತ್ತವೆ, ಅದಕ್ಕೇ ನಿಮಗೆ ಅದೊಂದೇ ಮದ್ದು ಅನ್ನಿಸಿರುವುದು.

ಆದರೆ ಕಡಿಯುತ್ತಿರುವುದು ನೆಟ್‌ವರ್ಕೇ ಅಂತ ಈಗಲೇ ತೀರ್ಮಾನ ಮಾಡಬೇಡಿ. ಪೈ ಒಳಗೆ ಹೋಗಿ ಕರ್ನಲ್ ಲಾಗ್ ನೋಡಿ, ಡಿಮೆಸೇಜ್ ಅಂತ ಕರೆಯುವ ಆದೇಶ ಇದೆಯಲ್ಲ, ಅದು. ನಿಮ್ಮದು ಮಿಲ್ಲು. ದೊಡ್ಡ ದೊಡ್ಡ ಮೋಟಾರುಗಳು ಶುರುವಾಗುತ್ತವೆ, ನಿಲ್ಲುತ್ತವೆ. ಆ ಹೊತ್ತಿಗೆ ಯುಎಸ್‌ಬಿ ಕೇಬಲ್ಲಿಗೆ ಗದ್ದಲ ನುಗ್ಗಿದರೆ ಹಬ್ ಆ ಪೋರ್ಟನ್ನೇ ಆಫ್ ಮಾಡುತ್ತದೆ. ಆಗ ಲಾಗಿನಲ್ಲಿ ‘ಡಿಸೇಬಲ್ಡ್ ಬೈ ಹಬ್’ ಅಂತ ಬರುತ್ತದೆ, ಪಕ್ಕದಲ್ಲೇ ‘ಇಎಂಐ?’ ಅಂತ, ಅಂದರೆ ವಿದ್ಯುತ್ ಗದ್ದಲವಾ ಅಂತ. ಪ್ರಶ್ನಾರ್ಥಕ ಚಿಹ್ನೆ ನಾನು ಹಾಕಿದ್ದಲ್ಲ, ಕರ್ನಲ್ ಬರೆದವರೇ ಹಾಕಿದ್ದು. ಅವರಿಗೂ ಅನುಮಾನ ಅಷ್ಟೇ. ‘ಅಂಡರ್ ವೋಲ್ಟೇಜ್’ ಅನ್ನುವ ಸಾಲು ಕಂಡರೆ ಪೈಗೆ ಕರೆಂಟ್ ಸಾಲುತ್ತಿಲ್ಲ, ಬಹುಶಃ ಮೊಬೈಲ್ ಚಾರ್ಜರಿನಲ್ಲಿ ಓಡಿಸುತ್ತಿದ್ದೀರಿ ಅಂತ ಅರ್ಥ. ಸರಿಯಾದ ಅಡಾಪ್ಟರ್ ಹಾಕಿ, ಅದನ್ನು ಚಿಕ್ಕದೊಂದು ಯುಪಿಎಸ್‌ಗೆ ಕೊಡಿ. ಯುಎಸ್‌ಬಿ ಕೇಬಲ್ ಅರ್ಧ ಮೀಟರಿಗಿಂತ ಉದ್ದ ಬೇಡ. ಮೋಟಾರಿನ ಕೇಬಲ್ ಓಡುವ ಟ್ರೇಯಲ್ಲಿ ಅದನ್ನು ಎಳೆಯಲೇಬೇಡಿ. ಉದ್ದ ಬೇಕಾದರೆ ಸೀರಿಯಲ್ ಕಡೆ ಉದ್ದ ಮಾಡಿ. ಆರ್‌ಎಸ್-232 ತಂತಿ 15 ಮೀಟರ್ ತನಕ ನೆಮ್ಮದಿಯಾಗಿ ಹೋಗುತ್ತದೆ, ಯುಎಸ್‌ಬಿಗಿಂತ ಎಷ್ಟೋ ಗಟ್ಟಿ.

ಈಗ ಹೊಸ ದಾರಿ. ಗೇಟಿನ ಕಡೆಯಿಂದ ಶುರು ಮಾಡೋಣ.

ಪೈನಲ್ಲಿ ಸೆರ್2ನೆಟ್ ಅನ್ನುವ ಸಣ್ಣ ಪ್ರೋಗ್ರಾಂ ಹಾಕಿ. ಪೈನ ಪ್ಯಾಕೇಜ್ ಭಂಡಾರದಲ್ಲೇ ಸಿಗುತ್ತದೆ, ಪುಕ್ಕಟೆ. ಅದರ ಕೆಲಸ ಇಷ್ಟೇ: ಸೀರಿಯಲ್ ಪೋರ್ಟಿನಲ್ಲಿ ಬಂದದ್ದನ್ನು ಒಂದು ಟಿಸಿಪಿ ಪೋರ್ಟಿಗೆ ಬಿಡುವುದು, ಅಲ್ಲಿಂದ ಬಂದದ್ದನ್ನು ಇಲ್ಲಿಗೆ ಬಿಡುವುದು. 4ನೇ ಆವೃತ್ತಿಯಿಂದ ಅದರ ಸೆಟ್ಟಿಂಗ್ ಕಡತ ಯಾಮಲ್ ಅನ್ನುವ ಹೊಸ ರೂಪದಲ್ಲಿದೆ. ಹಳೇ ಪಾಠಗಳನ್ನು ನೋಡಿ ಹಳೇ ರೂಪದಲ್ಲಿ ಬರೆದರೆ ಅದು ಕ್ಯಾರೇ ಅನ್ನುವುದಿಲ್ಲ. ಬರೆಯಬೇಕಾದ್ದು ಮೂರು ನಾಲ್ಕು ಸಾಲು. ಯಾವ ಟಿಸಿಪಿ ಪೋರ್ಟ್, ಯಾವ ಸೀರಿಯಲ್ ಸಾಧನ, ಎಷ್ಟು ವೇಗ, ಎಷ್ಟು ಬಿಟ್. ವೇಗ ಇಂಡಿಕೇಟರಿನ ಮೆನುವಿನಲ್ಲೋ ಅದರ ಜೊತೆ ಬಂದ ಪುಸ್ತಕದಲ್ಲೋ ಇರುತ್ತದೆ, ಸಾಮಾನ್ಯವಾಗಿ 2400 ಅಥವಾ 9600. ವೇಗ ಸರಿಯಿದ್ದು ಪ್ಯಾರಿಟಿ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್) ತಪ್ಪಿದರೆ ಅಂಕಿಗಳ ನಡುನಡುವೆ ಡಬ್ಬಿ ಡಬ್ಬಿ ಅಕ್ಷರ ಬರುತ್ತವೆ. ಪೂರ್ತಿ ಕಸ ಬಂದರೆ ವೇಗವೇ ತಪ್ಪಿದೆ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಮೊದಲನೆಯದು ಸಾಧನದ ಹೆಸರು. ಲಿನಕ್ಸ್ ನಿಮ್ಮ ಕೇಬಲ್ಲಿಗೆ ಟಿಟಿವೈಯುಎಸ್‌ಬಿ0 ಅಂತ ಹೆಸರಿಡುತ್ತದೆ. ಕೇಬಲ್ ಒಮ್ಮೆ ಕಡಿದು ಕೂಡಿದರೆ, ಹಳೇ ಹೆಸರನ್ನು ಯಾವುದೋ ಪ್ರೋಗ್ರಾಂ ಇನ್ನೂ ಹಿಡಿದಿದ್ದರೆ, ಹೊಸ ಹೆಸರು ಟಿಟಿವೈಯುಎಸ್‌ಬಿ1 ಆಗುತ್ತದೆ. ಸೆರ್2ನೆಟ್ ಮಾತ್ರ ಸೊನ್ನೆಯನ್ನೇ ಹುಡುಕುತ್ತಿರುತ್ತದೆ. ಆದ್ದರಿಂದ ಡೆವ್ ಫೋಲ್ಡರಿನೊಳಗಿನ ಸೀರಿಯಲ್ ಫೋಲ್ಡರಿನಲ್ಲಿ ‘ಬೈ-ಐಡಿ’ ಅಂತ ಇದೆ, ಅಲ್ಲಿರುವ ಉದ್ದನೆಯ ಹೆಸರು ಬಳಸಿ. ಎಫ್‌ಟಿಡಿಐ ಚಿಪ್ಪಿಗೆ ಸಾಮಾನ್ಯವಾಗಿ ತನ್ನದೇ ಸೀರಿಯಲ್ ನಂಬರ್ ಇರುತ್ತದೆ, ಹಾಗಾಗಿ ಆ ಹೆಸರು ಅಲುಗಾಡುವುದಿಲ್ಲ. ಸಿಎಚ್340 ಚಿಪ್ಪಿನ ಅಗ್ಗದ ಕೇಬಲ್ಲುಗಳಿಗೆ ಆ ನಂಬರ್ ಇರುವುದಿಲ್ಲ. ಎರಡು ಒಂದೇ ತರದ ಕೇಬಲ್ ಹಾಕಿದರೆ ಅವಳಿಜವಳಿ, ಯಾರು ಯಾರೋ ತಿಳಿಯದು. ಆಗ ‘ಬೈ-ಪಾತ್’ ಹೆಸರು ಬಳಸಿ, ಯಾವ ತೂತಿಗೆ ಚುಚ್ಚಿದ್ದೀರಿ ಅನ್ನುವುದರ ಮೇಲೆ ಹೆಸರು ನಿಲ್ಲುತ್ತದೆ. ಚುಚ್ಚಿದ ತೂತಿನ ಪಕ್ಕ ಮಾರ್ಕರಿನಲ್ಲಿ ‘ಕೀಳಬೇಡಿ’ ಅಂತ ಬರೆದಿಡಿ.

ಎರಡನೆಯದು, ಸತ್ತ ಕನೆಕ್ಷನ್. ವಿಎಂ ಕಡೆ ಕರೆಂಟ್ ಹೋಗಿ ದಿಢೀರನೆ ಕನೆಕ್ಷನ್ ಕಡಿದರೆ ಸೆರ್2ನೆಟ್ಟಿಗೆ ಅದು ಗೊತ್ತಾಗುವುದಿಲ್ಲ. ಹಳಬ ಇನ್ನೂ ಇದ್ದಾನೆ ಅಂದುಕೊಂಡು ಹೊಸಬನಿಗೆ ‘ಪೋರ್ಟ್ ಬಳಕೆಯಲ್ಲಿದೆ’ ಅನ್ನುತ್ತದೆ. ಇದಕ್ಕೆ ಕಿಕ್‌ಓಲ್ಡ್‌ಯೂಸರ್ ಅನ್ನುವ ಆಯ್ಕೆ ಇದೆ. ಹೆಸರೇ ಹೇಳುವಂತೆ ಹೊಸಬ ಬಂದರೆ ಹಳಬನನ್ನು ಒದ್ದು ಓಡಿಸುತ್ತದೆ. ಹಾಕಿಕೊಳ್ಳಿ. ಆದರೆ ಇದು ಎರಡಲಗಿನ ಕತ್ತಿ. ನಿಮ್ಮ ನೆಟ್‌ವರ್ಕಿನಲ್ಲಿರುವ ಯಾರು ಬೇಕಾದರೂ ಆ ಪೋರ್ಟಿಗೆ ಬಂದು ನಿಮ್ಮ ವಿಎಂ ಅನ್ನೇ ಹೊರಗೆ ಹಾಕಬಹುದು. ಬರೀ ಟಿಸಿಪಿಯಲ್ಲಿ ಪಾಸ್‌ವರ್ಡೂ ಇಲ್ಲ, ಗುಪ್ತಲಿಪಿಯೂ ಇಲ್ಲ. ಯುಎಸ್‌ಬಿ-ಐಪಿ ಕಥೆಯೂ ಅದೇ. ಪೈನ ಫೈರ್‌ವಾಲಿನಲ್ಲಿ ಆ ಪೋರ್ಟನ್ನು ಒಂದೇ ವಿಳಾಸಕ್ಕೆ ಬಿಡಿ. ಯಾವ ವಿಳಾಸ? ಕೆಳಗೆ ಹೇಳುವ ದಾರಿಯಲ್ಲಿ ಕನೆಕ್ಷನ್ ಮಾಡುವುದು ಪ್ರಾಕ್ಸ್‌ಮಾಕ್ಸ್, ವಿಂಡೋಸ್ ಅಲ್ಲ. ಹಾಗಾಗಿ ಪ್ರಾಕ್ಸ್‌ಮಾಕ್ಸ್ ಸರ್ವರಿನ ವಿಳಾಸ ಕೊಡಿ. ವಿಎಂ ವಿಳಾಸ ಕೊಟ್ಟು ಅರ್ಧ ದಿನ ತಲೆ ಕೆರೆದುಕೊಂಡವರು ಇದ್ದಾರೆ, ಅವರಲ್ಲಿ ನಾನೂ ಒಬ್ಬ.

ಪೈ ಸಹವಾಸವೇ ಬೇಡ ಅನ್ನಿಸಿದರೆ ಸೀರಿಯಲ್ ಡಿವೈಸ್ ಸರ್ವರ್ ಅನ್ನುವ ಅಂಗೈಯಗಲದ ಡಬ್ಬಿ ಸಿಗುತ್ತದೆ. ಒಂದು ಕಡೆ ಒಂಬತ್ತು ಪಿನ್ನಿನ ಕನೆಕ್ಟರ್, ಇನ್ನೊಂದು ಕಡೆ ಲ್ಯಾನ್ ತೂತು. ಮಾಕ್ಸಾ ಕಂಪನಿಯ ಎನ್‌ಪೋರ್ಟ್ 5110 ಈ ಜಾತಿಯದು. ಇಂಡಿಕೇಟರಿನಿಂದ ನೇರವಾಗಿ ಅದಕ್ಕೇ ಕೊಟ್ಟರೆ ಯುಎಸ್‌ಬಿ ಅನ್ನುವುದೇ ಇರುವುದಿಲ್ಲ, ಮೋಟಾರಿನ ಗದ್ದಲಕ್ಕೆ ಹೆದರುವ ಕೊಂಡಿಯೇ ಕಳಚಿ ಬೀಳುತ್ತದೆ. ಎಸ್‌ಡಿ ಕಾರ್ಡ್ ಕೆಡುವ ಭಯವೂ ಇಲ್ಲ. ಬೆಲೆ ಜಾಸ್ತಿ, ನಿಜ. ಆದರೂ ದಿನಕ್ಕೆ ನೂರು ಲಾರಿ ತೂಗುವ ಜಾಗ ಆದರೆ ನಾನು ಇದನ್ನೇ ಕೊಳ್ಳುತ್ತೇನೆ.

ಇಂಡಿಕೇಟರ್ ಬಗ್ಗೆ ಒಂದು ಮಾತು. ಅದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲ್ ಇರುತ್ತದೆ. ನಾವು ಮುಟ್ಟುವುದು ಹಿಂದೆ ಹೊರಗೆ ಬಂದಿರುವ ಸೀರಿಯಲ್ ಕನೆಕ್ಟರನ್ನು ಮಾತ್ರ. ಒಳಗೆ ಏನೋ ಜಂಪರ್ ಬದಲಾಯಿಸಬೇಕು ಅಂದರೆ ವೇಬ್ರಿಡ್ಜ್ ಹಾಕಿಕೊಟ್ಟವರನ್ನೇ ಕರೆಸಿ. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಬೇಡಿ.

ಇನ್ನು ಸರ್ವರಿನ ಕಡೆ. ಪ್ರಾಕ್ಸ್‌ಮಾಕ್ಸ್ ಒಳಗೆ ವಿಎಂ ಓಡಿಸುವ ಕೆಲಸ ಮಾಡುವುದು ಕ್ಯೂಇಎಂಯು ಅನ್ನುವ ಪ್ರೋಗ್ರಾಂ. ಅದಕ್ಕೆ ‘ಈ ವಿಎಂಗೆ ಒಂದು ಸೀರಿಯಲ್ ಪೋರ್ಟ್ ಕೊಡು, ಅದರ ಇನ್ನೊಂದು ತುದಿ ಈ ವಿಳಾಸದ ಈ ಟಿಸಿಪಿ ಪೋರ್ಟ್’ ಅಂತ ಹೇಳಲು ಬರುತ್ತದೆ. ಪ್ರಾಕ್ಸ್‌ಮಾಕ್ಸಿನ ವೆಬ್ ಪರದೆಯಲ್ಲಿ ಈ ಆಯ್ಕೆ ಇಲ್ಲ. ವಿಎಂನ ಸೆಟ್ಟಿಂಗ್ ಕಡತದಲ್ಲಿ ಆರ್ಗ್ಸ್ ಅನ್ನುವ ಸಾಲು ಸೇರಿಸಿ ಬರೆಯಬೇಕು: ಒಂದು ಸಾಕೆಟ್ ಜಾತಿಯ ಚಾರ್‌ಡೆವ್ (ನೆಟ್‌ವರ್ಕ್ ಕಡೆಯ ತುದಿ), ಅದಕ್ಕೆ ಅಂಟಿಸಿದ ಐಎಸ್ಎ-ಸೀರಿಯಲ್ ಸಾಧನ (ವಿಎಂ ಕಡೆಯ ಪೋರ್ಟ್). ವಿಂಡೋಸಿಗೆ ಇದು ಮದರ್‌ಬೋರ್ಡಿನ ಮೇಲಿದ್ದ ಹಳೇ ಕಾಲದ ಕಾಮ್1 ತರ ಕಾಣುತ್ತದೆ. ಡ್ರೈವರ್ ಬೇಡ. ಈ ದಾರಿಯಲ್ಲಿ ನನಗೆ ಇಷ್ಟ ಆಗುವುದು ಇದೇ. ನೆಟ್‌ವರ್ಕ್ ಹೋದರೂ ಕಾಮ್1 ಎಲ್ಲಿಗೂ ಹೋಗುವುದಿಲ್ಲ. ಬರುತ್ತಿದ್ದ ಅಂಕಿ ನಿಲ್ಲುತ್ತದೆ, ನೆಟ್‌ವರ್ಕ್ ಬಂದ ಮೇಲೆ ಮತ್ತೆ ಬರುತ್ತದೆ. ಸಾಫ್ಟ್‌ವೇರಿಗೆ ಇಂಡಿಕೇಟರ್ ಸ್ವಲ್ಪ ಹೊತ್ತು ಸುಮ್ಮನಿತ್ತು ಅನ್ನಿಸುತ್ತದೆ, ಅಷ್ಟೇ.

ಆದರೆ ಆ ಸಾಲಿನಲ್ಲಿ ರಿಕನೆಕ್ಟ್ ಅನ್ನುವ ಆಯ್ಕೆ ಮರೆಯಬೇಡಿ. ಐದು ಸೆಕೆಂಡಿಗೊಮ್ಮೆ ಪ್ರಯತ್ನ ಮಾಡು ಅಂತ ಇಡಿ. ಅದಿಲ್ಲದಿದ್ದರೆ ಕಡಿದ ಕನೆಕ್ಷನ್ ಮತ್ತೆ ಕೂಡುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ವಿಎಂ ಶುರು ಮಾಡುವ ಹೊತ್ತಿಗೆ ಗೇಟಿನ ಪೈ ಆಫ್ ಇದ್ದರೆ ವಿಎಂ ಶುರುವೇ ಆಗುವುದಿಲ್ಲ. ಗೇಟಿನಲ್ಲಿ ಪ್ಲಗ್ ಕಿತ್ತಿದ್ದಕ್ಕೆ ಆಫೀಸಿನ ವಿಂಡೋಸ್ ಏಳುತ್ತಿಲ್ಲ ಅಂತ ಯಾರಿಗೆ ತಾನೇ ಹೊಳೆಯುತ್ತದೆ?

ವಿಂಡೋಸ್ ಒಳಗೆ ಬಾಡ್ ರೇಟ್ (ಸೀರಿಯಲ್ ವೇಗ) 9600 ಇಟ್ಟರೂ 2400 ಇಟ್ಟರೂ ಈ ದಾರಿಯಲ್ಲಿ ಏನೂ ಬದಲಾಗುವುದಿಲ್ಲ. ಬರೀ ಟಿಸಿಪಿಗೆ ಬಾಡ್ ರೇಟ್ ಅನ್ನುವ ಕಲ್ಪನೆಯೇ ಇಲ್ಲ. ನಿಜವಾದ ವೇಗ ಸೆರ್2ನೆಟ್ಟಿನಲ್ಲಿ ನೀವು ಬರೆದದ್ದು. ಡಿಟಿಆರ್, ಆರ್‌ಟಿಎಸ್ ತರದ ನಿಯಂತ್ರಣ ಪಿನ್ನುಗಳ ಸುದ್ದಿಯೂ ಅತ್ತ ತಲುಪುವುದಿಲ್ಲ. ಬರೀ ತೂಕ ಕೇಳಿಸಿಕೊಳ್ಳುವವರಿಗೆ ಅದು ಬೇಕಾಗಿಲ್ಲ. ಆದರೆ ಆರ್ಡುಯಿನೋ ತರದ ಪುಟ್ಟ ಬೋರ್ಡಿಗೆ ಬೇಕು, ಡಿಟಿಆರ್ ಅಲುಗಿದರೇ ಅದು ರೀಸೆಟ್ ಆಗುವುದು. ಇಎಸ್‌ಪಿ32ಗೆ ಪ್ರೋಗ್ರಾಂ ತುಂಬಲು ಎರಡೂ ಬೇಕು. ಅಂಥವಕ್ಕೆ ಆರ್‌ಎಫ್‌ಸಿ 2217 ಅನ್ನುವ, 1997ರ ಒಪ್ಪಂದ ಇದೆ. ವೇಗ ಬದಲಾಯಿಸು, ಆ ಪಿನ್ ಎತ್ತು, ಈ ಪಿನ್ ಇಳಿಸು ಅನ್ನುವ ಮಾತುಗಳು ಅಂಕಿಗಳ ಜೊತೆಯಲ್ಲೇ ಟೆಲ್ನೆಟ್ ಭಾಷೆಯಲ್ಲಿ ಹೋಗುತ್ತವೆ. ಸೆರ್2ನೆಟ್ಟಿಗೆ ಅದು ಬರುತ್ತದೆ, ಪೈಥಾನಿನ ಪೈಸೀರಿಯಲ್ ಲೈಬ್ರರಿಗೂ ಬರುತ್ತದೆ. ವಿಂಡೋಸ್ ಒಳಗೇ ಕಾಮ್0ಕಾಮ್, ಹಬ್4ಕಾಮ್ ಅನ್ನುವ ಪ್ರೋಗ್ರಾಂ ಜೋಡಿ ಹಾಕಿದರೆ ಅಲ್ಲೂ ಆಗುತ್ತದೆ, ಆದರೆ ಡ್ರೈವರ್ ಸಹಿಯ ತಕರಾರಿಗೆ ತಯಾರಿರಿ. ಪ್ರಾಕ್ಸ್‌ಮಾಕ್ಸ್ ಬದಲು ಮೈಕ್ರೋಸಾಫ್ಟಿನ ಹೈಪರ್-ವಿ ಬಳಸುವವರಿಗೆ ಹೆಚ್ಚುಕಮ್ಮಿ ಇದೇ ದಾರಿ, ಯಾಕೆಂದರೆ ಅದರ ಕಾಮ್ ಪೋರ್ಟ್ ನೇಮ್ಡ್ ಪೈಪಿಗೆ ಮಾತ್ರ ಹೋಗುತ್ತದೆ, ನೇರ ಟಿಸಿಪಿಗಲ್ಲ. ವರ್ಚುವಲ್‌ಬಾಕ್ಸಿನಲ್ಲಿ ಸೀರಿಯಲ್ ಪೋರ್ಟಿಗೆ ಟಿಸಿಪಿ ಅಂತ ನೇರ ಆಯ್ಕೆಯೇ ಇದೆ.

ಇಲ್ಲಿಯವರೆಗಿನದು ಸುಲಭದ ಭಾಗ. ಪೋರ್ಟ್ ಕಾಣಿಸಿತು, ಅಂಕಿ ಬಂತು, ಎಲ್ಲರೂ ಇಷ್ಟಕ್ಕೇ ನಿಲ್ಲಿಸುತ್ತಾರೆ. ತೂಕದ ವ್ಯವಹಾರದಲ್ಲಿ ಅಪಾಯ ಶುರುವಾಗುವುದು ಆಮೇಲೆ.

ನನ್ನ ಅನುಭವ ಹೇಳುತ್ತೇನೆ. ಒಂದು ಜಲ್ಲಿ ಕ್ರಷರಿನಲ್ಲಿ ಹೀಗೇ ಜೋಡಿಸಿ ಕೊಟ್ಟಿದ್ದೆ. ಮೊದಲ ದಿನವೇ ತುಂಬಿದ ಲಾರಿಗೆ 560 ಕೆಜಿ ಅಂತ ಸ್ಲಿಪ್ ಬಂತು. ಇಂಡಿಕೇಟರಿನ ಮೇಲೆ 24560 ಅಂತ ಕೆಂಪಗೆ ಹೊಳೆಯುತ್ತಿದೆ. ಡ್ರೈವರ್ ನಕ್ಕ, ನಾನೂ ನಕ್ಕೆ. ಆಗಿದ್ದು ಇಷ್ಟು. ಇಂಡಿಕೇಟರ್ ಕಳಿಸುವ ಸಾಲು ಹತ್ತು ಅಕ್ಷರದ್ದು: ಆರಂಭದ ಗುರುತು, ಪ್ಲಸ್ ಚಿಹ್ನೆ, ಏಳು ಅಂಕಿ, ಕೊನೆಯ ಗುರುತು. 2400 ವೇಗದಲ್ಲಿ ಒಂದು ಅಕ್ಷರಕ್ಕೆ ಸುಮಾರು 4 ಮಿಲಿಸೆಕೆಂಡ್, ಇಡೀ ಸಾಲಿಗೆ ಸುಮಾರು 42. ಹಳೇ ಸಾಫ್ಟ್‌ವೇರ್ ಆರಂಭದ ಗುರುತು ನೋಡುವ ಗೋಜಿಗೇ ಹೋಗಿರಲಿಲ್ಲ. ಸಾಲು ಮುಗಿದು ಸ್ವಲ್ಪ ಮೌನ ಬಂದರೆ ‘ಬಂದಷ್ಟೂ ಒಂದು ತೂಕ’ ಅಂದುಕೊಳ್ಳುತ್ತಿತ್ತು. ನೇರ ತಂತಿಯಲ್ಲಿ ಅದು ನಡೆಯಿತು. ಟಿಸಿಪಿಗೆ ಸಾಲು, ಮೌನ ಯಾವುದೂ ಗೊತ್ತಿಲ್ಲ. 0024 ಒಂದು ಪ್ಯಾಕೆಟ್ಟಿನಲ್ಲಿ ಹೋಯಿತು, 560 ಇನ್ನೊಂದರಲ್ಲಿ ಹೋಯಿತು. ವೈಫೈ ನಡುವೆ ಒಂದು ಕ್ಷಣ ಉಸಿರು ತೆಗೆದುಕೊಂಡಿತು, ಅಷ್ಟರಲ್ಲಿ ಸಾಫ್ಟ್‌ವೇರ್ ತೀರ್ಮಾನ ಮಾಡಿಬಿಟ್ಟಿತು. ಸೆರ್2ನೆಟ್ ಅಕ್ಷರಗಳನ್ನು ಸ್ವಲ್ಪ ಕಾದು ಗುಂಪು ಮಾಡಿ ಕಳಿಸುತ್ತದೆ, ಆ ಕಾಯುವ ಹೊತ್ತನ್ನು ಜಾಸ್ತಿ ಮಾಡಬಹುದು. ಡಿವೈಸ್ ಸರ್ವರ್ ಡಬ್ಬಿಗಳಲ್ಲಿ ‘ಈ ಕೊನೆಯ ಗುರುತು ಬರುವ ತನಕ ಕಳಿಸಬೇಡ’ ಅಂತಲೇ ಹೇಳಬಹುದು. ಹೀಗೆ ಮಾಡಿದರೆ ಕತ್ತರಿಸುವುದು ತುಂಬಾ ಕಡಿಮೆ ಆಗುತ್ತದೆ. ಪೂರ್ತಿ ಪರಿಹಾರ ಬೇಕಾದರೆ ಸಾಫ್ಟ್‌ವೇರೇ ಆರಂಭದಿಂದ ಕೊನೆಯ ಗುರುತಿನ ತನಕ ಓದಬೇಕು.

560 ಕೆಜಿ ಅಂದರೆ ಕುರುಡನಿಗೂ ಕಾಣುವ ತಪ್ಪು. ಅದೇ ಕ್ರಷರಿನಲ್ಲಿ ಇನ್ನೊಂದು ದಿನ ಆದದ್ದು ಕಾಣಲೇ ಇಲ್ಲ. ಸಂಜೆ ಲೆಕ್ಕ ಕೂಡಿಸುವಾಗ ಗೊತ್ತಾಯಿತು, ಒಂದರ ಹಿಂದೆ ಒಂದು ಬಂದ ಎರಡು ಲಾರಿಗೆ ಒಂದೇ ತೂಕ. ಹತ್ತು ಕೆಜಿಯೂ ಹೆಚ್ಚುಕಮ್ಮಿ ಇಲ್ಲ. ಎರಡನೇ ಲಾರಿಗೆ ಮೊದಲನೆಯದರ ತೂಕ ಬಿದ್ದಿತ್ತು.

ಟಿಸಿಪಿಯ ಒಳ್ಳೆಯ ಗುಣವೇ ಇಲ್ಲಿ ಮುಳುವಾಯಿತು. ಕಳಿಸಿದ ಒಂದು ಅಕ್ಷರವನ್ನೂ ಅದು ಬಿಟ್ಟುಕೊಡುವುದಿಲ್ಲ. ನೆಟ್‌ವರ್ಕ್ ನಿಂತಾಗ ಹಿಡಿದಿಟ್ಟುಕೊಂಡು, ದಾರಿ ತೆರೆದ ಮೇಲೆ ಮೊದಲಿನಿಂದ ಒಪ್ಪಿಸುತ್ತದೆ. ವಿಎಂ ಒಳಗೆ ಸಾಫ್ಟ್‌ವೇರ್ ಮುಚ್ಚಿದ್ದರೂ ಅಷ್ಟೇ. ಓದುವವರಿಲ್ಲದ ಅಕ್ಷರಗಳು ದಾರಿಯ ಬಫರುಗಳಲ್ಲಿ, ಅಂದರೆ ತಾತ್ಕಾಲಿಕ ಸಂಗ್ರಹಗಳಲ್ಲಿ, ಸರದಿ ನಿಲ್ಲುತ್ತವೆ. 2400 ವೇಗದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 240 ಅಕ್ಷರ. ನಡುವೆ ಎಲ್ಲೋ 64 ಕೆಬಿ ಬಫರ್ ಇದೆ ಅನ್ನಿ. 65,536 ಅಕ್ಷರವನ್ನು 240ರಿಂದ ಭಾಗಿಸಿ, 273 ಸೆಕೆಂಡ್ ಬರುತ್ತದೆ. ಅಂದರೆ ನಾಲ್ಕೂವರೆ ನಿಮಿಷ ಹಳೆಯ ತೂಕ ಅಲ್ಲಿ ಕೂತಿರಬಹುದು. ನಾಲ್ಕೂವರೆ ನಿಮಿಷದಲ್ಲಿ ಒಂದು ಲಾರಿ ಇಳಿದು ಇನ್ನೊಂದು ಹತ್ತಿ ನಿಲ್ಲುತ್ತದೆ, ಅಲ್ವಾ? ಪರದೆಯ ಮೇಲೆ ಅಂಕಿ ಅಲುಗಾಡದೆ ನಿಂತಿದೆ, ‘ಸ್ಥಿರವಾಗಿದೆ’ ಅಂತ ಸಾಫ್ಟ್‌ವೇರ್ ಸ್ಲಿಪ್ ಹೊಡೆಯುತ್ತದೆ. ಯುಎಸ್‌ಬಿ-ಐಪಿಯಲ್ಲಿ ಕಾಮ್3 ಮಾಯ ಆದಾಗ ಕನಿಷ್ಠ ಕೆಲಸ ನಿಲ್ಲುತ್ತಿತ್ತು. ಇಲ್ಲಿ ಕೆಲಸ ನಿಲ್ಲದೆ ಸುಳ್ಳು ಸ್ಲಿಪ್ ಬರುತ್ತದೆ, ಇದು ಅದಕ್ಕಿಂತ ಕೆಟ್ಟದ್ದು.

ಮದ್ದು ಇದೆ. ಇಂಡಿಕೇಟರಿನ ಮೆನುವಿನಲ್ಲಿ ನಿರಂತರ ಕಳಿಸುವ ಬದಲು ಕೇಳಿದಾಗ ಮಾತ್ರ ಕಳಿಸುವ ಅಥವಾ ಪ್ರಿಂಟ್ ಗುಂಡಿ ಒತ್ತಿದಾಗ ಕಳಿಸುವ ವಿಧಾನ ಇದ್ದರೆ, ನಿಮ್ಮ ಸಾಫ್ಟ್‌ವೇರ್ ಅದಕ್ಕೆ ಒಗ್ಗಿದರೆ, ಅದಕ್ಕೇ ಬದಲಾಯಿಸಿ. ಕಳಿಸುವುದೇ ಕಡಿಮೆ ಆದರೆ ಸರದಿ ನಿಲ್ಲುವುದೂ ಕಡಿಮೆ. ಸಾಫ್ಟ್‌ವೇರ್ ಬರೆದವರು ಸಿಕ್ಕರೆ ಒಂದೇ ಮಾತು ಕೇಳಿ: ಸ್ಲಿಪ್ ಹೊಡೆಯುವ ಮೊದಲು ಬಫರ್ ಖಾಲಿ ಮಾಡಿ ಹೊಸದಾಗಿ ಓದಿ ಅಂತ. ಇದೂ ವಿಂಡೋಸ್ ಒಳಗಿನ ಬಫರನ್ನಷ್ಟೇ ಖಾಲಿ ಮಾಡುತ್ತದೆ, ದಾರಿಯಲ್ಲಿರುವುದು ಉಳಿದೇ ಇರುತ್ತದೆ. ಆದ್ದರಿಂದ ಪಕ್ಕಾ ಕೆಲಸ ಬೇಕಾದರೆ ಪೈನಲ್ಲಿ ಸೆರ್2ನೆಟ್ ಬದಲು ಪೈಥಾನಿನ ಸಣ್ಣ ಪ್ರೋಗ್ರಾಂ ಇಡಿ. ಪೈಸೀರಿಯಲ್ ಮೂಲಕ ಸಾಲು ಓದುವುದು, ಪೂರ್ತಿ ಸಾಲು ಆದರೆ ಮಾತ್ರ ಇಟ್ಟುಕೊಳ್ಳುವುದು, ಸೆಕೆಂಡಿಗೆ ಒಂದೆರಡು ಸಲ ಇತ್ತೀಚಿನ ಸಾಲನ್ನಷ್ಟೇ ಕಳಿಸುವುದು. ಕಳಿಸಲು ಒಂದೆರಡು ಸೆಕೆಂಡಿಗಿಂತ ಜಾಸ್ತಿ ತಡೆ ಬಂದರೆ ಕನೆಕ್ಷನ್ ಕಡಿದು ಹಾಕುವುದು. ಸಾಕೆಟ್ಟಿನ ಕಳಿಸುವ ಬಫರನ್ನೂ ಚಿಕ್ಕದು ಮಾಡಿ. ಐವತ್ತು ಸಾಲಿನೊಳಗೆ ಮುಗಿಯುತ್ತದೆ. ಕತ್ತರಿಸಿದ ತೂಕ, ಹಳಸಿದ ತೂಕ ಎರಡೂ ಕಾಯಿಲೆ ಬಹುಮಟ್ಟಿಗೆ ಒಂದೇ ಏಟಿಗೆ ಹೋಗುತ್ತವೆ.

ಡಾಂಗಲ್ ವಿಷಯ. ಅದು ಗೇಟಿನಲ್ಲಿ ಯಾಕಿದೆ? ಇಂಡಿಕೇಟರ್ ಗೇಟಿನಲ್ಲಿರಬೇಕು, ಬೇರೆ ದಾರಿಯಿಲ್ಲ. ಡಾಂಗಲ್ಲಿಗೆ ಆ ಹಂಗಿಲ್ಲ. ಕಿತ್ತು ತಂದು ಸರ್ವರಿನ ಹಿಂದಿನ ಯುಎಸ್‌ಬಿ ತೂತಿಗೆ ಹಾಕಿ, ಪ್ರಾಕ್ಸ್‌ಮಾಕ್ಸಿನಲ್ಲಿ ಆ ವಿಎಂಗೆ ಯುಎಸ್‌ಬಿ ಸಾಧನ ಸೇರಿಸಿ. ಇದು ವೆಬ್ ಪರದೆಯಲ್ಲೇ ಆಗುತ್ತದೆ. ನಾಳೆ ಎರಡನೇ ಸರ್ವರ್ ತಂದು ಓಡುತ್ತಿರುವ ವಿಎಂ ಅನ್ನು ಅತ್ತಿತ್ತ ಸಾಗಿಸಬೇಕು ಅಂದರೆ ಮಾತ್ರ ಈ ಡಾಂಗಲ್ ಅಡ್ಡ ಬರುತ್ತದೆ. ಟಿಸಿಪಿ ಮೇಲಿನ ಸೀರಿಯಲ್ ಪೋರ್ಟಿಗೆ ಆ ತೊಡಕಿಲ್ಲ, ಹೊಸ ಸರ್ವರಿನ ವಿಳಾಸವನ್ನೂ ಪೈನ ಫೈರ್‌ವಾಲಿನಲ್ಲಿ ಬಿಟ್ಟಿದ್ದರೆ ಸಾಕು. ಅಂಥ ಕಾಲ ಬಂದಾಗ ಡಾಂಗಲ್ಲಿಗೆ ಯುಎಸ್‌ಬಿ-ಐಪಿ ಬಳಸಿ. ಅದಕ್ಕೂ ಮೊದಲು ನೆಟ್‌ವರ್ಕ್ ಲೈಸೆನ್ಸ್ ಕೊಡುತ್ತೀರಾ ಅಂತ ಸಾಫ್ಟ್‌ವೇರಿನವರನ್ನು ಕೇಳಿನೋಡಿ. ಸುಮ್ನೆ ಕೇಳದೆ ಬಿಟ್ಟವರೇ ಜಾಸ್ತಿ.

ನಿಮ್ಮ ಹಾಗೆ ವೇಬ್ರಿಡ್ಜ್ ಅಲ್ಲದೆ ಕರೆಂಟ್ ಮೀಟರ್, ಡ್ರೈಯರ್ ಕಂಟ್ರೋಲರ್ ತರದ, ಮಾಡ್‌ಬಸ್ ಭಾಷೆಯಲ್ಲಿ ಮಾತಾಡುವ ಸಾಧನ ಇರುವವರಿಗೆ ಒಂದು ಎಚ್ಚರಿಕೆ. ಅದರ ಸೀರಿಯಲ್ ರೂಪವಾದ ಮಾಡ್‌ಬಸ್ ಆರ್‌ಟಿಯುನಲ್ಲಿ ಸಂದೇಶ ಮುಗಿಯಿತು ಅಂತ ತಿಳಿಯುವುದೇ ಮೂರೂವರೆ ಅಕ್ಷರದಷ್ಟು ಮೌನದಿಂದ. 9600 ವೇಗದಲ್ಲಿ ಅದು ಸುಮಾರು 4 ಮಿಲಿಸೆಕೆಂಡ್. ನೆಟ್‌ವರ್ಕಿನಲ್ಲಿ ಇಷ್ಟು ನಾಜೂಕಿನ ಮೌನ ಉಳಿಯುವುದಿಲ್ಲ. ಬರೀ ಅಕ್ಷರ ಸಾಗಿಸಲು ಹೋಗಬೇಡಿ. ಮಾಡ್‌ಬಸ್ ಟಿಸಿಪಿ ಗೇಟ್‌ವೇ ಹಾಕಿ, ಮೌನದ ಲೆಕ್ಕ ಅದು ಅಲ್ಲೇ ನೋಡಿಕೊಂಡು ಪೋರ್ಟ್ 502ರಲ್ಲಿ ಪೂರ್ತಿ ಸಂದೇಶ ಕೊಡುತ್ತದೆ.

ಆ 180 ಮೀಟರ್‌ಗೆ ವೈಫೈ ಬ್ರಿಡ್ಜ್ ಸಾಕಾ ಅಂದರೆ, ತಾತ್ಕಾಲಿಕವಾಗಿ ಸಾಕು. ತಾಮ್ರದ ಲ್ಯಾನ್ ಕೇಬಲ್ 100 ಮೀಟರಿನ ಆಚೆಗೆ ಹೋಗುವುದಿಲ್ಲ, ನಡುವೆ ಸ್ವಿಚ್ ಇಟ್ಟು ಎಳೆದರೂ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಎರಡೂ ತುದಿಯ ಪೋರ್ಟ್ ಸುಟ್ಟು ಕೂರುತ್ತದೆ. ಫೈಬರ್ ಎಳೆಸಿ, ಎರಡು ತುದಿಗೆ ಎರಡು ಮೀಡಿಯಾ ಕನ್ವರ್ಟರ್. ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟ್ ಹರಿಯುವುದಿಲ್ಲ, ಬಲಕ್ಕೆ ಉಕ್ಕಿನ ತಂತಿ ಇಲ್ಲದ ಫೈಬರ್ ಕೇಳಿ ತೆಗೆದುಕೊಳ್ಳಿ. ಮೋಟಾರಿನ ಗದ್ದಲವೂ ಅದಕ್ಕೆ ಲೆಕ್ಕಕ್ಕಿಲ್ಲ.

ಜೋಡಿಸುವಾಗ ಒಂದೊಂದೇ ಗಂಟು ಕಟ್ಟುತ್ತಾ ಬನ್ನಿ. ಮೊದಲು ಗೇಟಿನಲ್ಲೇ ಪುಟ್ಟಿ ಅನ್ನುವ ಪ್ರೋಗ್ರಾಂ ತೆರೆದು ಇಂಡಿಕೇಟರಿನ ಸಾಲು ಕಣ್ಣಾರೆ ನೋಡಿ. ಆಮೇಲೆ ಪ್ರಾಕ್ಸ್‌ಮಾಕ್ಸ್ ಸರ್ವರಿನಿಂದ ಪೈನ ಪೋರ್ಟಿಗೆ ಟೆಲ್ನೆಟ್ ಮಾಡಿ ಅದೇ ಸಾಲು ಬರುತ್ತಿದೆಯಾ ನೋಡಿ. ಬಂದರೆ ಅದನ್ನು ಮುಚ್ಚಿ, ಆಮೇಲೆ ವಿಎಂ. ಮೂರೂ ಸರಿಯಾದ ಮೇಲೆ ಖಾಲಿ ಲಾರಿಯೊಂದನ್ನು ಹತ್ತಿಸಿ, ತೂಕ ನಿಂತ ಮೇಲೆ ಗೇಟಿನ ನೆಟ್‌ವರ್ಕ್ ಕೇಬಲ್ ಕೀಳಿ. ಲಾರಿ ಇಳಿಸಿ. ಎರಡು ನಿಮಿಷ ಬಿಟ್ಟು ಕೇಬಲ್ ಚುಚ್ಚಿ, ಗಡಿಯಾರ ಹಿಡಿದು ಪರದೆ ನೋಡುತ್ತಾ ಕೂರಿ. ಕೆಲವೇ ಸೆಕೆಂಡಿನಲ್ಲಿ ಸೊನ್ನೆ ಬಂದರೆ ಸರಿ. ಇಳಿದು ಹೋದ ಲಾರಿಯ ತೂಕ ಇನ್ನೂ ಹೊಳೆಯುತ್ತಿದ್ದರೆ ಆ ಪೈಥಾನ್ ಪ್ರೋಗ್ರಾಂ ಬರೆಯುವ ತನಕ ಹಳೇ ಪಿಸಿಯನ್ನು ಗೇಟಿನಿಂದ ಎತ್ತಬೇಡಿ.